ಹುಂಜದ ಜುಟ್ಟಿನಲ್ಲಿಲ್ಲ ಸಿಟ್ಟಿನ ಗುಟ್ಟು

ಜವಾರಿ ಕೋಳಿ ಸಾಕಿದವರಿಗೆ ಒಮ್ಮೆಯಾದರೂ ಇಂಥದೊಂದು ಹುಂಜ ಗಂಟು ಬೀಳದೆ ಇರದು. ನಾಯಿಗೂ ಹೆದರದ, ಹಿತ್ತಲಿಗೆ ಬಂದವರ ಮೈಮೇಲೆ ಹಾರುವ ಹುಂಜ. ಹೆಂಗಸರು ಪಾತ್ರೆ ತೊಳೆಯಲು ಹೊರಗೆ ಹೋಗಬೇಕಾದರೆ ಕೈಯಲ್ಲಿ ಕಸಬರಿಗೆ ಬೇಕು. ಮಕ್ಕಳು ಬಚ್ಚಲಿಗೆ ಹೋಗಲೂ ಅಂಜುತ್ತವೆ. ನೋಡಿದವರಿಗೆ ನಗು. ನಗುವ ಮಾತು ಹೌದು, ಆದರೆ ಯಾರದಾದರೂ ಕಣ್ಣಿಗೆ ಏಟು ಬೀಳುವ ತನಕ ಮಾತ್ರ.

ನಮ್ಮ ಮನೆಯಲ್ಲಿ ಅದು ಕಣ್ಣಿನ ಹತ್ತಿರಕ್ಕೇ ಬಂದು ನಿಂತಿತು. ಆಮೇಲೆ ನಾವು ತಿಳಿದುಕೊಂಡದ್ದು, ಮಾಡಿ ನೋಡಿದ್ದು, ತಪ್ಪಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಇನ್ನೊಬ್ಬರ ಮನೆಯ ಕೂಸಿಗಾದರೂ ಉಪಯೋಗವಾಗಲಿ.

ಒಂದು ಬೆರಳಿನ ಅಂತರ

ನಮ್ಮದು ಕಂಪ್ಲಿ ಕಡೆಯ ಗದ್ದೆ ಬದಿಯ ಮನೆ. ಹತ್ತು ಹನ್ನೆರಡು ಕೋಳಿ ಯಾವಾಗಲೂ ಇರುತ್ತವೆ. ಒಂದು ಸಲ ಸಂಡೂರಿನ ಬೀಗರ ಮನೆಗೆ ಹೋದಾಗ ನಮ್ಮಾಕೆ ನಾಲ್ಕು ಮರಿ ತಂದಳು. ಮೂರು ಹ್ಯಾಟೆ, ಒಂದು ಹುಂಜ. ಹುಂಜ ಬೆಳೆಯುತ್ತಾ ಹೋದಂತೆ ಅದರ ಜುಟ್ಟು ಎಲ್ಲರ ಕಣ್ಣಿಗೆ ಬಿತ್ತು. ಬೇರೆ ಹುಂಜಗಳಿಗೆ ಇರುವ ಹಾಗೆ ಗರಗಸದಂತೆ ಎದ್ದು ನಿಂತ ಜುಟ್ಟಲ್ಲ. ತಲೆಗೆ ಅಂಟಿಕೊಂಡು ಕೂತ ಗಂಟು. ಮೇಲೆಲ್ಲ ಸುಕ್ಕು ಸುಕ್ಕು, ಒಡೆದ ಅಕ್ರೋಟಿನ ತಿರುಳಿನ ಹಾಗೆ. ನಡುವೆ ಅಡ್ಡಕ್ಕೆ ಒಂದು ಗೆರೆ, ಆ ಗೆರೆಯಲ್ಲಿ ನಾಲ್ಕಾರು ಕೂದಲಿನಂಥ ಪುಕ್ಕ.

ಊರಿನಲ್ಲಿ ತಲೆಗೊಂದು ಮಾತು. ಪಕ್ಕದ ಮನೆಯವರು, "ಗಂಟು ಜುಟ್ಟಿಂದು ಜಗಳಗಂಟಿ ಇರ್ತೈತಿ, ಹದ್ದು, ಮುಂಗುಸಿ ಹತ್ರ ಬರಂಗಿಲ್ಲ, ಇಟ್ಕೊಳ್ರಿ" ಎಂದರು. ನಮ್ಮ ಅವ್ವನದು ಬೇರೆಯೇ ಲೆಕ್ಕ. ಸಂಡೂರು ಅಂದರೆ ಕುಮಾರಸ್ವಾಮಿಯ ಬೆಟ್ಟ. ಕುಮಾರಸ್ವಾಮಿಯ ಬಾವುಟದಲ್ಲಿ ಇರುವುದೇ ಹುಂಜ. "ಆ ಬೆಟ್ಟದ ಕಡೆಯಿಂದ ಬಂದೈತಿ. ಇಂಥಾ ಜುಟ್ಟು ನಾ ನೋಡೇ ಇಲ್ಲ. ಇದನ್ನ ಕೊಯ್ಯಬ್ಯಾಡ್ರಿ" ಎಂದಳು. ಹೀಗೆ ಜುಟ್ಟಿನ ದೆಸೆಯಿಂದ ಆ ಹುಂಜ ಉಳಿಯಿತು.

ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಅದನ್ನು ಮರಿಯಿದ್ದಾಗಿನಿಂದ ಕೈಯಲ್ಲೇ ನುಚ್ಚು ತಿನ್ನಿಸಿ, ಮಡಿಲಲ್ಲಿ ಕೂರಿಸಿಕೊಂಡು ಬೆಳೆಸಿದವಳು ಅವಳೇ. ಸಂಕ್ರಾಂತಿ ಕಳೆದು ವಾರವಾಗಿತ್ತು. ಅಂಗಳದಲ್ಲಿ ಬಿದ್ದ ಕಡಲೆ ಆಯ್ದುಕೊಳ್ಳಲು ಕೂತಿದ್ದಾಳೆ, ಹಿಂದಿನಿಂದ ಹಾರಿತು. ಕೂಸು ಬೆಚ್ಚಿ ತಿರುಗಿತು. ಎರಡನೆಯ ಸಲ ಹಾರಿದಾಗ ಕಾಲಿನ ಮುಳ್ಳು ಕಣ್ಣಿನ ಕೆಳಗೆ ಹೊಕ್ಕಿತು. ಕಣ್ಣಿಗೂ ಗಾಯಕ್ಕೂ ಒಂದು ಬೆರಳಿನ ಅಂತರ.

ಆಸ್ಪತ್ರೆಯಲ್ಲಿ ಗಾಯ ತೊಳೆದು ಧನುರ್ವಾಯುವಿನ ಸೂಜಿ ಹಾಕಿದರು. ಗಾಯ ಮಾಯಿತು, ಕಲೆ ಉಳಿಯಿತು. ಮಗ ಅವತ್ತೇ ಕುಡುಗೋಲು ಹುಡುಕಿದ. ಅವ್ವ ಅಡ್ಡ ಬಂದಳು. ನಡುವೆ ಸಿಕ್ಕಿಕೊಂಡವನು ನಾನು. ಒಂದು ಮಾತು ಮಾತ್ರ ನನಗೆ ಬಗೆಹರಿಯಲಿಲ್ಲ: ಈ ಸಿಟ್ಟು ಆ ಜುಟ್ಟಿನಿಂದಲೇ ಬಂದದ್ದೇ?

ಜುಟ್ಟು ಹೇಳುವುದು ಬೆರಕೆಯ ಕಥೆ

ಕೋಳಿಯ ಜುಟ್ಟಿನಲ್ಲಿ ನಮ್ಮ ಕಡೆ ಕಾಣುವುದು ಮುಖ್ಯವಾಗಿ ನಾಲ್ಕು ತರ. ಎಲ್ಲರಿಗೂ ಗೊತ್ತಿರುವುದು ಗರಗಸ ಜುಟ್ಟು: ಒಂದೇ ಸಾಲು, ಹಲ್ಲು ಹಲ್ಲು. ಎರಡನೆಯದು ಬಟಾಣಿ ಜುಟ್ಟು: ಮೂರು ಸಾಲು ಸಣ್ಣ ಉಬ್ಬುಗಳು, ನಡುವಿನ ಸಾಲು ಸ್ವಲ್ಪ ಎತ್ತರ, ಒಟ್ಟಿನಲ್ಲಿ ಗಿಡ್ಡ. ಮೂರನೆಯದು ಗುಲಾಬಿ ಜುಟ್ಟು: ಅಗಲವಾಗಿ ಹಾಸಿಕೊಂಡು, ಮೇಲೆ ಸಣ್ಣ ಗುಳ್ಳೆಗಳಿದ್ದು, ಹಿಂದಕ್ಕೆ ಮೊನೆ ಇರುತ್ತದೆ. ನಾಲ್ಕನೆಯದು ನಮ್ಮ ಹುಂಜದ್ದು, ಅಕ್ರೋಟು ಜುಟ್ಟು.

ಈ ನಾಲ್ಕನೆಯದು ಹೇಗೆ ಬರುತ್ತದೆ ಎಂಬುದನ್ನು ನೂರು ವರ್ಷಕ್ಕೂ ಹಿಂದೆಯೇ ಇಂಗ್ಲೆಂಡಿನ ಬೇಟ್ಸನ್ ಮತ್ತು ಪನೆಟ್ ಎಂಬ ವಿಜ್ಞಾನಿಗಳು ಕಂಡುಹಿಡಿದಿದ್ದರು. ಬಟಾಣಿ ಗಿಡದಲ್ಲಿ ಮೆಂಡೆಲ್ ತೋರಿಸಿದ ವಂಶದ ನಿಯಮ ಪ್ರಾಣಿಗಳಿಗೂ ಹೊಂದುತ್ತದೆ ಎಂದು ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಿಂದಲೇ. ಶುದ್ಧ ಗುಲಾಬಿ ಜುಟ್ಟಿನ ಕೋಳಿಯನ್ನು ಶುದ್ಧ ಬಟಾಣಿ ಜುಟ್ಟಿನ ಕೋಳಿಯ ಜೊತೆ ಬಿಟ್ಟರೆ ಮರಿಗಳಿಗೆ ಗುಲಾಬಿಯೂ ಅಲ್ಲ, ಬಟಾಣಿಯೂ ಅಲ್ಲ, ಎಲ್ಲಕ್ಕೂ ಅಕ್ರೋಟು ಜುಟ್ಟು. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ 16ಕ್ಕೆ ಸರಾಸರಿ 9 ಅಕ್ರೋಟು, 3 ಗುಲಾಬಿ, 3 ಬಟಾಣಿ, 1 ಗರಗಸ.

ಅಂದರೆ ಗಂಟು ಜುಟ್ಟು ಕಂಡರೆ ತಿಳಿಯಬೇಕಾದ್ದು ಇಷ್ಟೇ: ಈ ಹಕ್ಕಿಯಲ್ಲಿ ಎರಡು ಬಗೆಯ ರಕ್ತ ಕೂಡಿದೆ. ನಮ್ಮ ಸೀಮೆಯಲ್ಲಿ ಇದು ಆಶ್ಚರ್ಯವೂ ಅಲ್ಲ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ವಿಜಯನಗರದ ಪೇಟೆಯಲ್ಲಿ ಕೋಳಿ ಬಲು ಅಗ್ಗ, ಊರ ಹೊರಗೆ ಇನ್ನೂ ಅಗ್ಗ ಎಂದು ಬರೆದಿಟ್ಟಿದ್ದಾನೆ. ಅಷ್ಟು ಹಿಂದಿನಿಂದಲೂ ಇಲ್ಲಿ ಕೋಳಿ ಕೊಳ್ಳುವುದು, ಮಾರುವುದು ನಡೆದೇ ಇದೆ. ಇಂದಿಗೂ ಹೊಸಪೇಟೆ, ಸಂಡೂರು, ಕಂಪ್ಲಿಯ ಸಂತೆಗಳಿಗೆ ನಾನಾ ಕಡೆಯ ಕೋಳಿ ಬರುತ್ತವೆ. ಬೆರಕೆ ಆಗದೆ ಉಳಿದೀತೇ?

ಇದರಲ್ಲಿ ಬಟಾಣಿ ಜುಟ್ಟಿಗೆ ಮಾತ್ರ ಒಂದು ಸುಳಿವು ಇದೆ. ಗಡಿಯಾಚೆಯ ಆಂಧ್ರ, ಅಲ್ಲಿಂದಾಚೆ ಒಡಿಶಾ, ಛತ್ತೀಸಗಡದ ಕಡೆಯ ಅಸೀಲ್ ತಳಿಯ ಜುಟ್ಟು ಬಟಾಣಿ ಜುಟ್ಟು. ಅಸೀಲ್ ಎಂದರೆ ಕಾಳಗಕ್ಕೆಂದೇ ತಲೆತಲಾಂತರದಿಂದ ಆರಿಸಿ ಬೆಳೆಸಿದ ತಳಿ. ಎತ್ತರದ ನಿಲುವು, ಉದ್ದ ಕುತ್ತಿಗೆ, ಗಟ್ಟಿ ಮೈ. ಗಂಟು ಜುಟ್ಟಿನದು ಜಗಳಗಂಟಿ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ಜುಟ್ಟಿನ ಆಕಾರ ಒಂದು ಗುಣ, ಕಾಳಗದ ಹುಮ್ಮಸ್ಸು ಇನ್ನೊಂದು. ಎರಡೂ ಒಂದೇ ತಳಿಯಲ್ಲಿ ಇದ್ದವು ಎಂದ ಮಾತ್ರಕ್ಕೆ ಬೆರಕೆಯಾದ ಮೇಲೂ ಜೊತೆಗೇ ಬರಬೇಕು ಎಂದೇನಿಲ್ಲ. ಜುಟ್ಟು ಒಂದು ಮರಿಗೆ ಹೋದರೆ ಹುಮ್ಮಸ್ಸು ಇನ್ನೊಂದಕ್ಕೆ ಹೋಗಬಹುದು. ಬಟಾಣಿ ಜುಟ್ಟಿಗೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು 2009ರಲ್ಲಿ ಗುರುತಿಸಿದ್ದಾರೆ. ಅದು ಜುಟ್ಟು, ಗಲ್ಲದ ಜೋಲನ್ನು ಗಿಡ್ಡ ಮಾಡುತ್ತದೆ ಎಂದು ತಿಳಿದಿದೆ.

ಜುಟ್ಟು ಗಿಡ್ಡವಾದರೆ ನಮ್ಮ ಕಡೆ ಒಂದು ತೊಂದರೆಯೂ ಇದೆ. ಕೋಳಿಗೆ ಬೆವರುವುದು ಗೊತ್ತಿಲ್ಲ. ಮೈಯ ಕಾವು ಹೊರಗೆ ಹೋಗಲು ಜುಟ್ಟು, ಜೋಲು ನೆರವಾಗುತ್ತವೆ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಗಿಡ್ಡ ಜುಟ್ಟಿನ ಹಕ್ಕಿಗೆ ನೆರಳು, ನೀರು ಇನ್ನಷ್ಟು ಬೇಕು.

ಗುಲಾಬಿ ಜುಟ್ಟಿನಲ್ಲೂ ಒಂದು ಗಮನಿಸುವ ಸಂಗತಿ ಇದೆ. ತಂದೆ, ತಾಯಿ ಎರಡೂ ಕಡೆಯಿಂದ ಆ ಗುಣ ಬಂದ ಹುಂಜಗಳಲ್ಲಿ ಬೀಜದ ಚುರುಕು ಕಡಿಮೆ. ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳಿದ್ದ ತಂಡವೊಂದು 2012ರಲ್ಲಿ ಇದರ ಕಾರಣವನ್ನು ವಿವರಿಸಿದೆ. ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಮರಿಯಾಗದವೇ ಹೆಚ್ಚಿದ್ದರೆ ಹ್ಯಾಟೆಯನ್ನು ಬೈಯುವ ಮುಂಚೆ ಹುಂಜದ ತಲೆ ನೋಡಬೇಕು.

ಆಕಾರ ಬೇರೆ, ಕೆಂಪು ಬೇರೆ

ಹಾಗಾದರೆ ಜುಟ್ಟಿಗೂ ಸಿಟ್ಟಿಗೂ ಸಂಬಂಧವೇ ಇಲ್ಲವೇ? ಇದೆ, ಆಕಾರದಲ್ಲಿ ಅಲ್ಲ, ಗಾತ್ರ ಮತ್ತು ಬಣ್ಣದಲ್ಲಿ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಬರ್ಟೋಲ್ಡ್ ಎಂಬಾತ ಆರು ಎಳೆ ಹುಂಜಗಳ ಮೇಲೆ ಪ್ರಯೋಗ ಮಾಡಿದ. ಬೀಜ ತೆಗೆದುಹಾಕಿದ ಹುಂಜಗಳ ಜುಟ್ಟು ಸೊರಗಿತು, ಅವು ಕೂಗಲಿಲ್ಲ, ಕಾದಾಡಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟ ಹುಂಜಗಳು ಮಾಮೂಲಿನಂತೆ ಬೆಳೆದವು, ಕೂಗಿದವು, ಕಾದಾಡಿದವು. ಬೀಜದಿಂದ ರಕ್ತಕ್ಕೆ ಸೇರುವ ರಸವೇ ಜುಟ್ಟನ್ನು ಬೆಳೆಸಿ ಕೆಂಪಾಗಿಸುತ್ತದೆ, ಅದೇ ಜಗಳವನ್ನೂ ಎಬ್ಬಿಸುತ್ತದೆ.

ಆದ್ದರಿಂದ ಯಾವ ಆಕಾರದ ಜುಟ್ಟೇ ಆಗಲಿ, ಅದು ತುಂಬಿಕೊಂಡು ಕಡು ಕೆಂಪಾದಾಗ ಹುಂಜ ಪ್ರಾಯದ ಬಿಸಿಯಲ್ಲಿದೆ ಎಂದು ತಿಳಿಯಬಹುದು. ಹಗಲು ಬೆಳೆಯತೊಡಗಿದಂತೆ ಈ ಬಿಸಿ ಏರುತ್ತದೆ. ಸಂಕ್ರಾಂತಿಯಿಂದ ಯುಗಾದಿಯ ತನಕ ನಮ್ಮ ಹುಂಜದ ಉಪಟಳ ಹೆಚ್ಚಿದ್ದು ಇದಕ್ಕೇ.

ಬಣ್ಣ ಇನ್ನೂ ಕೆಲವು ಮಾತು ಹೇಳುತ್ತದೆ. ಜುಟ್ಟು ಬಿಳಿಚಿಕೊಂಡರೆ ಜಂತು, ಉಣ್ಣೆ, ರಕ್ತ ಕಡಿಮೆ. ಕಪ್ಪು ಹಕ್ಕಳೆ ಕಟ್ಟಿದರೆ ಕೋಳಿ ಸಿಡುಬು ಇರಬಹುದು. ನೀಲಿಗಟ್ಟಿ, ಮುಖ ಊದಿ, ಒಂದರ ಹಿಂದೆ ಒಂದು ಸಾಯತೊಡಗಿದರೆ ಕೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲೇ, ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಬಂದದ್ದು ಮರೆಯುವಂತಿಲ್ಲ.

ಸಿಟ್ಟು ನಾವೇ ಕಲಿಸುತ್ತೇವೆ

ಕೋಳಿಗಳಲ್ಲಿ ಮೇಲು ಕೀಳು ಎಂಬ ಸಾಲು ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು, ಯಾರು ದಾರಿ ಬಿಡಬೇಕು ಎಂಬುದು ಹಿಂಡಿನಲ್ಲಿ ಗಟ್ಟಿಯಾಗಿರುತ್ತದೆ. ನಾರ್ವೆಯ ಶೆಲ್ಡೆರುಪ್ ಎಬ್ಬೆ ಚಿಕ್ಕಂದಿನಿಂದ ಕೋಳಿ ನೋಡುತ್ತಾ ಕೂತು, 1920ರ ದಶಕದ ಆರಂಭದಲ್ಲಿ ಇದನ್ನು ಬರೆದ. ಇಲ್ಲಿ ನಮಗೆ ಬೇಕಾದ ಮಾತು ಒಂದು. ಅಂಗಳದಲ್ಲಿ ಓಡಾಡುವ ನಮ್ಮನ್ನೂ ಹುಂಜ ಆ ಸಾಲಿನಲ್ಲಿ ಸೇರಿಸಿಕೊಳ್ಳುವುದುಂಟು. ನಾವು ಬೆದರಿ ಓಡಿದರೆ ಅದು ಗೆದ್ದಿತು. ನಾವು ಒದ್ದರೆ ಕಾಳಗಕ್ಕೆ ಕರೆದ ಹಾಗಾಯಿತು, ನಾಳೆ ಇನ್ನೂ ಜೋರಾಗಿ ಬರುತ್ತದೆ.

ನಾವು ಮಾಡಿದ ತಪ್ಪು ಇದೇ. ಮಗ ಕೋಲು ತೆಗೆದುಕೊಂಡು ಬಾರಿಸಿದ. ನಾಲ್ಕು ದಿನ ಅವನ ಸುದ್ದಿಗೆ ಬರಲಿಲ್ಲ, ಐದನೆಯ ದಿನ ಹಿಂದಿನಿಂದ ಬಂತು. ಹೆಂಗಸರು, ಮಕ್ಕಳು ಓಡುತ್ತಿದ್ದರು. ಅವರ ಮೇಲೆ ಅದಕ್ಕೆ ಇನ್ನಷ್ಟು ಧೈರ್ಯ.

ಇನ್ನೊಂದು ತಪ್ಪು, ಮುದ್ದು. ಒಂಟಿ ಹುಂಜ ಮರಿಯನ್ನು ಕೈತುತ್ತು ಹಾಕಿ ಬೆಳೆಸಿದರೆ ಅದಕ್ಕೆ ಮನುಷ್ಯರ ಅಂಜಿಕೆ ಹೋಗುತ್ತದೆ. ಪ್ರಾಯಕ್ಕೆ ಬಂದ ಮೇಲೆ ತುತ್ತು ಹಾಕಿದ ಕೈಯೇ ಅದಕ್ಕೆ ಎದುರಾಳಿ. ಹೊಸಪೇಟೆ ಹತ್ತಿರದ ಕಬ್ಬಿನ ರೈತರೊಬ್ಬರೂ ಇದೇ ಮಾತು ಹೇಳಿದರು. ಅವರ ಮನೆಯಲ್ಲಿ ಮೂರು ವರ್ಷದಲ್ಲಿ ಎರಡು ಹುಂಜ ಹೀಗಾದವು, ಎರಡೂ ಮಕ್ಕಳ ಮುದ್ದಿನವು. ಹ್ಯಾಟೆ ಮರಿಗೆ ಎಷ್ಟಾದರೂ ಮುದ್ದು ಮಾಡಿ, ಹುಂಜ ಮರಿಯನ್ನು ಹಿಂಡಿನಲ್ಲೇ ಬೆಳೆಯಲು ಬಿಡಿ.

ಮುನ್ಸೂಚನೆ ತಿಳಿಯಿರಿ

ಹುಂಜ ಹೇಳದೆ ಕೇಳದೆ ಹಾರುವುದು ಅಪರೂಪ. ಮೊದಲು ಒಂದು ರೆಕ್ಕೆ ಇಳಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ನಿಮ್ಮ ಸುತ್ತ ಸರಿಯುತ್ತದೆ. ಕುತ್ತಿಗೆಯ ಪುಕ್ಕ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಏನೂ ಇಲ್ಲದ ನೆಲವನ್ನು ಸುಮ್ಮನೆ ಕುಕ್ಕುತ್ತದೆ. ಒಂದೇ ಕಣ್ಣಿನಲ್ಲಿ ನಿಮ್ಮನ್ನು ದಿಟ್ಟಿಸುತ್ತದೆ. ಇವು ಕಂಡರೆ ಬೆನ್ನು ತಿರುಗಿಸಬಾರದು, ಓಡಲೂಬಾರದು.

ನಾವು ಎರಡು ತಿಂಗಳು ಮಾಡಿ ನೋಡಿ, ಉಪಯೋಗ ಕಂಡ ಕ್ರಮಗಳು ಇವು:

1. ಮೊದಲು ಮಕ್ಕಳನ್ನು ಬೇರೆ ಮಾಡಿ. ಆರು ವರ್ಷದೊಳಗಿನ ಕೂಸಿನ ಕಣ್ಣು ಹುಂಜ ಹಾರುವ ಎತ್ತರದಲ್ಲೇ ಇರುತ್ತದೆ. ಕೂಸು ಹೊರಗಿದ್ದರೆ ಹುಂಜ ಒಳಗೆ. ಇದರಲ್ಲಿ ರಾಜಿ ಇಲ್ಲ. ನಾವು ಹಳೆಯ ಜಾಲರಿಯಿಂದ ಹಿತ್ತಲ ಮೂಲೆಯಲ್ಲಿ ಒಂದು ಗೂಡು ಕಟ್ಟಿದೆವು. ಮೊಮ್ಮಗಳು ಅಂಗನವಾಡಿಗೆ ಹೋದ ಮೇಲೆ ಮಾತ್ರ ಹುಂಜಕ್ಕೆ ಬಿಡುಗಡೆ.

2. ಹಿತ್ತಲಿಗೆ ಹೋಗುವಾಗ ಕೈಯಲ್ಲಿ ಮೊರ ಅಥವಾ ಬಕೆಟ್ ಇರಲಿ. ಹೊಡೆಯಲು ಅಲ್ಲ, ನಡುವೆ ಹಿಡಿಯಲು. ಹಾರಿದರೆ ಮೊರಕ್ಕೆ ತಾಗಲಿ. ನಿಂತಲ್ಲೇ ನಿಂತು, ಅದು ದಾರಿ ಬಿಟ್ಟ ಮೇಲೆ ಮೆಲ್ಲಗೆ ಮುಂದೆ ಹೋಗಬೇಕು.

3. ಹಿಡಿಯುವುದಾದರೆ ಕತ್ತಲಾದ ಮೇಲೆ. ಗೂಡಿನಲ್ಲಿ ಕೂತ ಹುಂಜ ಕತ್ತಲಲ್ಲಿ ಕಾದಾಡುವುದಿಲ್ಲ. ರೆಕ್ಕೆ ಸೇರಿಸಿ ಕಂಕುಳಲ್ಲಿ ಒತ್ತಿ ಹಿಡಿದು, ಕಾಲನ್ನು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ದಿನಾ ಹತ್ತು ನಿಮಿಷ ಹೀಗೆ ಎತ್ತಿಕೊಂಡು ಓಡಾಡಿದರೆ ಕೆಲವು ಹುಂಜ ಮೆತ್ತಗಾಗುತ್ತವೆ. ನಮ್ಮದು ನನ್ನ ಮಟ್ಟಿಗೆ ಮೆತ್ತಗಾಯಿತು.

4. ಕಾಲಿನ ಮುಳ್ಳು ಮೊಂಡು ಮಾಡಿ. ಮುಳ್ಳಿನ ಒಳಗೆ ಎಲುಬು, ರಕ್ತ ಇರುತ್ತದೆ. ಬುಡಕ್ಕೆ ಕತ್ತರಿಸಬಾರದು. ಚೂಪಾದ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಗುಂಡಗೆ ಮಾಡಬೇಕು. ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು.

5. ಹಿಂಡಿನ ಲೆಕ್ಕ ಸರಿ ಇರಲಿ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಸಣ್ಣ ಅಂಗಳದಲ್ಲಿ ಎರಡು ಮೂರು ಹುಂಜ ಇದ್ದರೆ ದಿನವೂ ಕಾಳಗ. ತಿನ್ನಲು ಮೊಟ್ಟೆ ಮಾತ್ರ ಬೇಕಿದ್ದರೆ ಹುಂಜವೇ ಬೇಡ. ಹುಂಜ ಇಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ.

6. ಕಾಲಿಗೆ ಹಗ್ಗ ಕಟ್ಟಿ ಬಿಸಿಲಲ್ಲಿ ಬಿಡಬೇಡಿ. ಹಂಪಿ ಹತ್ತಿರ ಕಮಲಾಪುರ ಕಡೆಯ ಒಬ್ಬರು, ನೋಡಲು ಬಂದವರ ಮಕ್ಕಳ ಮೇಲೆ ಹಾರುತ್ತದೆಂದು ಹೀಗೆ ಕಟ್ಟಿದ್ದರು. ಬೀದಿ ನಾಯಿ ಬಂದಾಗ ಹುಂಜಕ್ಕೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಗೂಡು ಖರ್ಚಾದರೂ ಗೂಡೇ ಮೇಲು.

ಏಟು ಬಿದ್ದರೆ

ಮುಳ್ಳಿನ ಗಾಯ ಹೊರಗೆ ಸಣ್ಣದು, ಒಳಗೆ ಆಳ. ಅಂಗಳದ ಮಣ್ಣು, ಹಿಕ್ಕೆ ಜೊತೆಗೇ ಒಳಗೆ ಹೋಗಿರುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಕಾಫಿ ಪುಡಿ, ಸಗಣಿ, ಬೂದಿ ಹಚ್ಚಬಾರದು. ಧನುರ್ವಾಯುವಿನ ಸೂಜಿ ಕೇಳಿ ಹಾಕಿಸಿಕೊಳ್ಳಬೇಕು. ಕಣ್ಣಿಗೆ ತಾಗಿದ್ದರೆ ಉಜ್ಜದೆ, ಒತ್ತದೆ, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನಾಯಿ ಕಡಿತದ ಹಾಗೆ ರೇಬೀಸ್ ಭಯ ಕೋಳಿಯಿಂದ ಇಲ್ಲ.

ಮುದುಕರ ಬಗ್ಗೆಯೂ ಎಚ್ಚರ ಬೇಕು. ಕಾಲಿನಲ್ಲಿ ನರ ಉಬ್ಬಿ ಗಂಟು ಗಂಟಾದವರಿಗೆ ಸಣ್ಣ ಕುಕ್ಕೂ ಅಪಾಯ. ಆಸ್ಟ್ರೇಲಿಯದಲ್ಲಿ ಮೊಟ್ಟೆ ಆರಿಸಲು ಹೋದ ಮುದುಕಿಯೊಬ್ಬರಿಗೆ ಹುಂಜ ಕುಕ್ಕಿ, ಉಬ್ಬಿದ ನರ ಒಡೆದು, ರಕ್ತ ನಿಲ್ಲದೆ ಸತ್ತ ಸಂಗತಿ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಹಾಗೆ ರಕ್ತ ಚಿಮ್ಮಿದರೆ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದೇ ಆಸ್ಪತ್ರೆಗೆ ಒಯ್ಯಬೇಕು.

ಪಂದ್ಯದವರ ದುಡ್ಡು

ಹುಂಜದ ಸುದ್ದಿ ಊರು ದಾಟಿತು. ಒಂದು ಸಂಜೆ ಗುರುತಿಲ್ಲದ ಇಬ್ಬರು ಬೈಕಿನಲ್ಲಿ ಬಂದರು. ಹುಂಜವನ್ನು ಎತ್ತಿ ಎದೆ ಮುಟ್ಟಿ, ತೊಡೆ ಮುಟ್ಟಿ, ಜುಟ್ಟು ನೋಡಿ, "ಅಣ್ಣಾರೇ, ಕೊಟ್ಟುಬಿಡ್ರಿ, ನಿಮಗ್ಯಾಕ ಈ ತ್ರಾಸು" ಎಂದರು. ಅವರು ಹೇಳಿದ ದುಡ್ಡು ಸಂತೆಯ ದರದ ಐದು ಪಟ್ಟು. ಎತ್ತಕ್ಕೆ ಎಂದು ಕೇಳಬೇಕಾಗಿರಲಿಲ್ಲ.

ಸುಳ್ಳು ಯಾಕೆ, ಮನಸ್ಸು ಜಾರಿತು. ಬಾಳೆಗೆ ಗೊಬ್ಬರ ತರಬೇಕಾಗಿತ್ತು. ಪೀಡೆಯೂ ಹೋಗುತ್ತದೆ, ದುಡ್ಡೂ ಬರುತ್ತದೆ. ನಮ್ಮಾಕೆ ಬಾಗಿಲಲ್ಲೇ ನಿಂತು, "ನಮ್ಮ ಕೂಸಿನ ಮಾರಿಗೆ ಬಡಿದಿದ್ದು ಬರೇ ಮುಳ್ಳು. ಅಲ್ಲಿ ಅದಕ್ಕ ಕತ್ತಿ ಕಟ್ತಾರ್ರಿ" ಎಂದಳು. ಅಷ್ಟೇ. ಬಂದವರು ಚಹಾ ಕುಡಿದು ಹೋದರು.

ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕಾಯ್ದೆಯ ಮಾತು ಒಂದು ಕಡೆ ಇರಲಿ. 2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ, ಪಂದ್ಯಕ್ಕೆಂದು ಕಾಲಿಗೆ ಕತ್ತಿ ಕಟ್ಟಿದ ಹುಂಜ ಕೊಸರಿಕೊಂಡಾಗ ಸಾಕಿದವನ ತೊಡೆಸಂದಿಗೇ ಕತ್ತಿ ತಗುಲಿ ಆತ ಸತ್ತ. ಹುಂಜವನ್ನು ಪೊಲೀಸರು ಠಾಣೆಯಲ್ಲಿ ಇಟ್ಟುಕೊಂಡದ್ದು ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಮೈಮೇಲೆ ಬರುವ ಹುಂಜವನ್ನು ಮಾರುವುದಾದರೆ ಮಾಂಸಕ್ಕೆ ಮಾರಿ. ಇನ್ನೊಬ್ಬರ ಮನೆಗೆ ಸಾಕಲು ಕೊಡುವುದಾದರೆ ಅದರ ಗುಣ ಮುಚ್ಚಿಡಬೇಡಿ. ಅವರ ಮನೆಯಲ್ಲೂ ಕೂಸು ಇದ್ದೀತು.

ಕೊನೆಗೆ ಮಾಡಿದ್ದು

ಎರಡು ತಿಂಗಳಲ್ಲಿ ಹುಂಜ ನನಗೆ, ಮಗನಿಗೆ ದಾರಿ ಬಿಡುವುದನ್ನು ಕಲಿತಿತು. ನಮ್ಮಾಕೆಯನ್ನು ಕಂಡರೆ ರೆಕ್ಕೆ ಇಳಿಸುತ್ತಿತ್ತು, ಹಾರುತ್ತಿರಲಿಲ್ಲ. ಆದರೆ ಮೊಮ್ಮಗಳ ದನಿ ಕೇಳಿದರೆ ಸಾಕು, ಗೂಡಿನ ಜಾಲರಿಗೆ ಬಂದು ಬಡಿಯುತ್ತಿತ್ತು. ಒಂದು ದಿನ ಗೂಡಿನ ಅಗಳಿ ಹಾಕುವುದು ಮರೆತುಹೋಯಿತು. ಕೂಸು ಒಳಗಿತ್ತು, ಬಚಾವು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವ್ವ ತಾನಾಗಿಯೇ ಬಾಯಿ ಬಿಟ್ಟಳು: "ದೇವರ ಹಕ್ಕಿ ಅಂತ ಕೂಸಿನ ಕಣ್ಣು ಕೊಡಾಕ ಆಗ್ತೈತೇನು? ಸ್ವಾಮಿಗೆ ನಾ ಹೇಳ್ಕೊಂತೀನಿ."

ಯುಗಾದಿಯ ಮಾರನೆಯ ದಿನ ಅದನ್ನು ಕೊಯ್ದೆವು. ಮೂರು ಕೆಜಿಗೆ ಸ್ವಲ್ಪ ಹೆಚ್ಚೇ ಇತ್ತು. ಮಾಂಸ ಗಟ್ಟಿ, ಬೇಯಲು ಹೊತ್ತು ಹಿಡಿಯಿತು. ಮೊಮ್ಮಗಳು ಊಟ ಮಾಡಲಿಲ್ಲ. ಒತ್ತಾಯ ಮಾಡಲಿಲ್ಲ ನಾವು.

ಎರಡು ತಿಂಗಳು ಕಾದದ್ದು ದಂಡವೇ ಎಂದು ಕೇಳಿದವರಿದ್ದಾರೆ. ದೊಡ್ಡವರು ಮಾತ್ರ ಇರುವ ಮನೆಯಾಗಿದ್ದರೆ ಆ ಹುಂಜ ಇರುತ್ತಿತ್ತು. ಎಷ್ಟೋ ಹುಂಜ ಇಷ್ಟಕ್ಕೇ ತಿದ್ದಿಕೊಳ್ಳುತ್ತವೆ. ತಿದ್ದದೆ ಹೋದರೆ, ಸಣ್ಣ ಮಕ್ಕಳಿರುವ ಮನೆಯಲ್ಲಿ ಒಲೆಯೇ ಉತ್ತರ. ಅದರಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲ.

ಮರಿಗಳು ಕಲಿಸಿದ ಪಾಠ

ಈ ನಡುವೆ ಅದರ ಜೊತೆಗಿದ್ದ, ಗರಗಸ ಜುಟ್ಟಿನ ಎರಡು ಹ್ಯಾಟೆಗಳ ಮೊಟ್ಟೆಯನ್ನು ಕಾವಿಗೆ ಇಟ್ಟಿದ್ದೆವು. 14 ಮೊಟ್ಟೆಯಲ್ಲಿ 11 ಮರಿ ಎದ್ದವು. ಬೆಳೆದ ಮೇಲೆ ನೋಡಿದರೆ ಮೂರಕ್ಕೆ ಅಕ್ರೋಟು ಜುಟ್ಟು, ಮೂರಕ್ಕೆ ಬಟಾಣಿ, ಎರಡಕ್ಕೆ ಗುಲಾಬಿ, ಮೂರಕ್ಕೆ ಗರಗಸ. ಒಂದೇ ಅಪ್ಪನ ಮರಿಗಳಲ್ಲಿ ನಾಲ್ಕೂ ತರ. ಅಪ್ಪನಿಗೆ ಗುಲಾಬಿಯ ಗುಣ, ಬಟಾಣಿಯ ಗುಣ ಒಂದೊಂದೇ ಪಾಲು ಇತ್ತು ಎಂದು ಅರ್ಥ. ಹಾಗಿದ್ದಾಗ ಗರಗಸ ಜುಟ್ಟಿನ ಹ್ಯಾಟೆಯಲ್ಲಿ ನಾಲ್ಕು ತರದ ಮರಿಗಳೂ ಹೆಚ್ಚುಕಡಿಮೆ ಸಮಸಮ ಬರಬೇಕು ಎಂಬುದು ನಿಯಮ. ಬಂದವು.

ಹನ್ನೊಂದರಲ್ಲಿ ಹುಂಜ ಐದು. ಇವನ್ನು ಯಾರೂ ಕೈಯಲ್ಲಿ ತಿನ್ನಿಸಲಿಲ್ಲ, ಯಾರೂ ಕೆಣಕಲಿಲ್ಲ. ಎಂಟು ತಿಂಗಳ ಹೊತ್ತಿಗೆ ಒಂದು ಹುಂಜ ಕಾಲಿಗೆ ಹಾರತೊಡಗಿತು. ಅದರ ಜುಟ್ಟು ಯಾವುದು ಗೊತ್ತೇ? ಎಲ್ಲರ ಮನೆಯಲ್ಲೂ ಇರುವ ಗರಗಸ ಜುಟ್ಟು. ಅದು ದೀಪಾವಳಿಗೆ ಮುಂಚೆ ಸಂತೆಗೆ, ಮಾಂಸಕ್ಕೆ ಹೋಯಿತು. ಎಲ್ಲಕ್ಕಿಂತ ಸಾಧು ಯಾವುದೆಂದರೆ ಅಪ್ಪನ ಹಾಗೇ ಗಂಟು ಜುಟ್ಟು ಇರುವುದು. ಹದ್ದು ಕಂಡರೆ ಕೂಗಿ ಹ್ಯಾಟೆಗಳನ್ನು ಬಣವೆಯ ಕೆಳಗೆ ಸೇರಿಸುತ್ತದೆ, ಕಾಳು ಸಿಕ್ಕರೆ ತಾನು ತಿನ್ನದೆ ಹ್ಯಾಟೆಗಳನ್ನು ಕರೆಯುತ್ತದೆ, ಮನುಷ್ಯರು ಬಂದರೆ ದಾರಿ ಬಿಡುತ್ತದೆ. ಈಗ ನಮ್ಮ ಹಿಂಡಿನ ಹುಂಜ ಅದೇ.

ಒಂದು ಮನೆಯ ಐದು ಹುಂಜದಿಂದ ನಿಯಮ ಮಾಡಲು ಆಗದು. ಆದರೆ ಇಷ್ಟು ಹೇಳಬಹುದು. ಮುಂದಿನ ಹುಂಜವನ್ನು ಆರಿಸುವಾಗ ಜುಟ್ಟಿನ ಚೆಂದಕ್ಕೆ, ಬಣ್ಣದ ಚೆಂದಕ್ಕೆ ಮರುಳಾಗಬೇಡಿ. ಹೆಚ್ಚು ಮೊಟ್ಟೆ ಇಡುವ ಹ್ಯಾಟೆಯ ಮಗ ಇರಲಿ. ಎಂಟು ಹತ್ತು ತಿಂಗಳು ನಡತೆ ನೋಡಿ, ಆಮೇಲೆ ಉಳಿಸಿಕೊಳ್ಳಿ. ಮನುಷ್ಯರ ಮೇಲೆ ಹಾರುವ ಹುಂಜದ ಮೊಟ್ಟೆಯನ್ನು ಕಾವಿಗೆ ಇಡದಿರುವುದು ಒಳ್ಳೆಯದು. ಸ್ವಭಾವವೂ ಒಂದಿಷ್ಟು ರಕ್ತದಲ್ಲಿ ಬರುತ್ತದೆ. ನಾವು ಇಟ್ಟದ್ದು ತಿಳಿಯದೆ, ಐದರಲ್ಲಿ ಒಂದಕ್ಕೇ ಮುಗಿದದ್ದು ನಮ್ಮ ಅದೃಷ್ಟ. ಸಂತೆಯಿಂದ ಹೊಸ ಹುಂಜ ತಂದರೆ ಎರಡು ಮೂರು ವಾರ ಬೇರೆ ಇಟ್ಟು, ರೋಗ ಇಲ್ಲವೆಂದು ಕಂಡ ಮೇಲೆ, ಕೊಕ್ಕರೆ ರೋಗದ ಲಸಿಕೆ ಹಾಕಿಸಿ ಹಿಂಡಿಗೆ ಬಿಡಿ.

ಮೊಮ್ಮಗಳಿಗೆ ಈಗ ಆರು. ಕಣ್ಣಿನ ಕೆಳಗೆ ಜೋಳದ ಕಾಳಿನಷ್ಟು ಕಲೆ ಇದೆ. ಬೆಳಿಗ್ಗೆ ಕೋಳಿ ಗೂಡಿನ ಬಾಗಿಲು ತೆಗೆಯುವುದು ಅವಳದೇ ಕೆಲಸ. ಕೈಯಲ್ಲಿ ಮೊರ ಮಾತ್ರ ಇಂದಿಗೂ ಬಿಟ್ಟಿಲ್ಲ.